ಅಂಗಳದ ಅಂಚಿನಲ್ಲಿ ನಿಂತವರು

ಕುಣಿತವೆಂದೊಡನೆ ನಮ್ಮ ಕಣ್ಣು ಕುಣಿಯುವವರ ಕಡೆಗೇ ಹರಿಯುತ್ತದೆ. ಕಾಲಿನ ಗೆಜ್ಜೆ, ಉಡುಗೆಯ ಬಣ್ಣ, ತಾಳದ ಓಟ ಇವುಗಳಲ್ಲಿ ಮನಸ್ಸು ಮುಳುಗಿಬಿಡುವುದರಿಂದ, ಅಂಗಳದ ಅಂಚಿನಲ್ಲಿ ಗೋಡೆಗೆ ಒರಗಿ ನಿಂತ ಒಬ್ಬಿಬ್ಬರು ನಮಗೆ ಕಾಣಿಸುವುದೇ ಇಲ್ಲ. ಕಥೆಗಾರರ ಕಣ್ಣು ಮಾತ್ರ ಬೇರೆ. ಅದು ಆ ಅಂಚಿನತ್ತಲೇ ಹೊರಳುತ್ತದೆ. ಕುಣಿಯುವವರಿಗೆ ಆ ಹೊತ್ತಿನ ಸುಖವಿದೆ. ಕುಣಿಯಬೇಕೆಂಬ ಆಸೆಯಿದ್ದೂ ಕುಣಿಯಲಾರದೆ ನಿಂತವರಿಗೆ ಕಥೆಯಿದೆ. ವಿದ್ಯಾರ್ಥಿಮಿತ್ರರೇ, ಈ ಮಾತು ನನಗೆ ಮೊದಲು ಹೊಳೆದುದು ಪುಸ್ತಕಗಳಲ್ಲಿ. ಅದು ದೃಢವಾದುದು ನಮ್ಮ ಮುಂಬಯಿಯ ಒಂದು ಚಾಳಿನ ಅಂಗಳದಲ್ಲಿ.

ಮೊದಲು ಪುಸ್ತಕಗಳ ಮಾತು. ಹಿಂದಿನ ಕಾಲದ ಯುರೋಪಿನ ಸಿರಿವಂತರಲ್ಲಿ ನೃತ್ಯಕೂಟವೆಂಬುದು ಬರಿಯ ವಿನೋದವಾಗಿರಲಿಲ್ಲ. ವಯಸ್ಸಿಗೆ ಬಂದ ಹುಡುಗ ಹುಡುಗಿಯರು ಹಿರಿಯರ ಕಣ್ಣೆದುರಿನಲ್ಲಿ ಪರಸ್ಪರ ಮಾತಾಡಲು ದೊರೆಯುತ್ತಿದ್ದ ಕೆಲವೇ ಅವಕಾಶಗಳಲ್ಲಿ ಅದೂ ಒಂದು. ತನ್ನೊಡನೆ ಕುಣಿಯುವೆಯಾ ಎಂದು ಗಂಡು ಕೇಳಬೇಕು; ಹೆಣ್ಣು ಒಪ್ಪಬೇಕು ಅಥವಾ ಒಲ್ಲೆನೆನ್ನಬೇಕು. ಕೇಳುವ ಅಧಿಕಾರ ಹೆಣ್ಣಿಗಿರಲಿಲ್ಲ. ಆದುದರಿಂದ ಯಾರೂ ಕೇಳದೆ ಉಳಿದವಳ ಸ್ಥಿತಿ ಸಭೆಗೆಲ್ಲ ಕಾಣುತ್ತಿತ್ತು.

ಇಂಗ್ಲೆಂಡಿನ ಜೇನ್ ಆಸ್ಟಿನ್ ಎಂಬ ಲೇಖಕಿಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ 1813ರಲ್ಲಿ ಪ್ರಕಟವಾಯಿತು. ಅದರ ನಾಯಕಿ ಎಲಿಜಬೆತ್, ಗಂಡಸರು ಕಡಿಮೆ ಬಿದ್ದುದರಿಂದ, ಎರಡು ಕುಣಿತಗಳ ಕಾಲ ಸುಮ್ಮನೆ ಕುಳಿತಿರುತ್ತಾಳೆ. ಡಾರ್ಸಿ ಎಂಬ ಶ್ರೀಮಂತನು ಅವಳ ರೂಪವನ್ನು ಕುರಿತು ಗೆಳೆಯನೊಡನೆ ಹಗುರವಾಗಿ ಆಡಿದ ಮಾತು ಅವಳ ಕಿವಿಗೇ ಬೀಳುತ್ತದೆ. ಎಲಿಜಬೆತ್ ಅಳಲಿಲ್ಲ, ಅದನ್ನೇ ಒಂದು ತಮಾಷೆಯ ಪ್ರಸಂಗವನ್ನಾಗಿಸಿ ಗೆಳತಿಯರಿಗೆ ಹೇಳಿ ನಕ್ಕಳು. ಆದರೂ ನಾಟಿದ ಮುಳ್ಳು ನಾಟಿಯೇ ಇತ್ತು. ಆ ಕಾದಂಬರಿಯ ಬಹುಭಾಗ ಆ ಮುಳ್ಳನ್ನು ತೆಗೆಯುವ ಕಥೆಯೇ ಆಗಿದೆ.

ರಷ್ಯದ ಟಾಲ್‌ಸ್ಟಾಯ್ ಮಹಾಶಯನ ‘ಅನ್ನಾ ಕರೆನಿನಾ’ 1875ರಿಂದ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬರತೊಡಗಿತು. ಅದರಲ್ಲಿ ಕಿಟಿ ಎಂಬ ಎಳೆಯ ಹುಡುಗಿಯಿದ್ದಾಳೆ. ‘ಮಜೂರ್ಕಾ’ ಎಂಬ ಕುಣಿತಕ್ಕೆ ವ್ರಾನ್‌ಸ್ಕಿ ತನ್ನನ್ನೇ ಕರೆಯುವನೆಂಬ ಭರವಸೆಯಿಂದ ಅವಳು ಉಳಿದ ಐವರಿಗೆ ಒಲ್ಲೆನೆಂದಳು. ವ್ರಾನ್‌ಸ್ಕಿ ಕರೆದುದು ಅನ್ನಾಳನ್ನು. ತುಂಬಿದ ಸಭೆಯಲ್ಲಿ, ದೀಪಗಳ ಬೆಳಕಿನಲ್ಲಿ, ಅವರಿಬ್ಬರ ಮುಖವನ್ನು ನೋಡಿದಾಗಲೇ ಕಿಟಿಗೆ ಎಲ್ಲವೂ ತಿಳಿದುಹೋಯಿತು. ಯಾರೂ ಅವಳಿಗೆ ಒಂದು ಮಾತನ್ನೂ ಹೇಳಬೇಕಾಗಲಿಲ್ಲ.

ಅದೇ ಲೇಖಕನ ‘ವಾರ್ ಅಂಡ್ ಪೀಸ್’ ಕೃತಿ 1869ರಲ್ಲಿ ಪೂರ್ಣವಾಯಿತು. ಅದರ ನತಾಶಾ ತನ್ನ ಜೀವನದ ಮೊದಲನೆಯ ದೊಡ್ಡ ನೃತ್ಯಕೂಟಕ್ಕೆ ಬಂದು, ತನ್ನನ್ನು ಯಾರೂ ಕರೆಯರೋ ಏನೋ ಎಂದು ಅಳು ನುಂಗಿಕೊಂಡು ನಿಂತಿದ್ದಾಳೆ. ಪಿಯೇರ್ ಎಂಬವನು ಅವಳನ್ನು ಕಂಡ. ಆ ರಾತ್ರಿ ಪಿಯೇರನ ಮನಸ್ಸೂ ಅವಮಾನದಿಂದ ಕುಗ್ಗಿತ್ತು. ಆದರೂ ಅವನು ಗೆಳೆಯ ಆಂದ್ರೇಯನ ತೋಳನ್ನು ಹಿಡಿದು, ಆ ಹುಡುಗಿಯನ್ನು ಕುಣಿತಕ್ಕೆ ಕರೆಯೆಂದು ಹೇಳಿದ. ಆಂದ್ರೇಯ್ ಕರೆದ, ನತಾಶಾಳ ಮುಖ ಅರಳಿತು. ಓದುಗರು ನೆನೆಯುವುದು ಆ ಇಬ್ಬರ ಕುಣಿತವನ್ನು. ನಾನು ನೆನೆಯುವುದು ತಾನು ನೊಂದಿದ್ದರೂ ಇನ್ನೊಬ್ಬರ ನೋವನ್ನು ಗುರುತಿಸಿದ ಪಿಯೇರನ ಕಣ್ಣನ್ನು.

ಇದಿಷ್ಟೂ ಜೋಡಿಯಾಗಿ ಕುಣಿಯುವವರ ಲೋಕ. ನವರಾತ್ರಿಯಲ್ಲಿ ನಮ್ಮ ನಗರದ ಗುಜರಾತಿ ಬಂಧುಗಳು ಆಡುವ ಗರಬಾ ಇದಕ್ಕಿಂತ ಭಿನ್ನವಾದುದು. ನೀವೆಲ್ಲರೂ ಅದನ್ನು ಕಂಡಿದ್ದೀರಿ, ಹಲವರು ಆಡಿಯೂ ಇದ್ದೀರಿ. ‘ಗರ್ಭ’ ಎಂಬ ಸಂಸ್ಕೃತ ಶಬ್ದದಿಂದ ಅದಕ್ಕೆ ಆ ಹೆಸರು ಬಂದಿದೆ. ರಂಧ್ರಗಳುಳ್ಳ ಮಣ್ಣಿನ ಮಡಕೆಯೊಳಗೆ ಹಣತೆ ಹಚ್ಚಿ ನಡುವೆ ಇಟ್ಟು, ಅದರ ಸುತ್ತ ಚಪ್ಪಾಳೆ ತಟ್ಟುತ್ತ ಸುತ್ತುವುದು ಅದರ ಮೂಲಕ್ರಮ. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಈ ಕುಣಿತದಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಬಳೆಯಂತಿರುವ ಸಾಲಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಹಾಗಾದರೆ ಇಲ್ಲಿ ಅಂಚಿನಲ್ಲಿ ನಿಲ್ಲುವವರೇ ಇಲ್ಲವೆ? ಇದ್ದಾರೆ.

ಕೆಲವು ವರ್ಷಗಳ ಹಿಂದೆ ನಾನು ಬಿಡಾರ ಮಾಡಿದ್ದ ಚಾಳಿನಲ್ಲಿ ನಮ್ಮ ಉತ್ತರ ಕರ್ನಾಟಕದ ಕಡೆಯ ಒಬ್ಬ ತಾಯಿ ಇದ್ದರು. ಜೋಳದ ರೊಟ್ಟಿ ಬಡಿದು ಮಾರಿ ಮಗನನ್ನು ಓದಿಸುತ್ತಿದ್ದರು. ಗಂಡನಿದ್ದಾಗ ಗರಬಾದಲ್ಲಿ ಅವರಷ್ಟು ಹಗುರವಾಗಿ ಹೆಜ್ಜೆ ಹಾಕುವವರು ಇರಲಿಲ್ಲವೆಂದು ನೆರೆಯವರು ಹೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಎರಡು ನವರಾತ್ರಿಗಳಲ್ಲಿ ಅವರು ಮೆಟ್ಟಿಲಿನ ಬಳಿ ಕಂಬವನ್ನು ಹಿಡಿದು ನಿಂತು ನೋಡುತ್ತಿದ್ದರು, ಅಷ್ಟೆ. ಬರಬೇಡವೆಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಯಾರೂ ಹೇಳಿರಲಿಲ್ಲ.

ಮೂರನೆಯ ವರ್ಷದ ಒಂದು ರಾತ್ರಿ. ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಬೇಕೆಂಬುದು 2000ನೆಯ ಇಸವಿಯ ನಿಯಮ, ಅಂತೆಯೇ ನಿಂತಿತು. ಯುವಕರು ಚದುರಿದರು. ಹತ್ತು ಹನ್ನೆರಡು ಮಂದಿ ಹೆಂಗಸರು ಮಾತ್ರ ಉಳಿದು, ಮೆಲುದನಿಯಲ್ಲಿ ತಾವೇ ಹಾಡಿಕೊಳ್ಳುತ್ತ ದೀಪದ ಸುತ್ತ ಸುತ್ತತೊಡಗಿದರು. ಆಗ ಚಾಳಿನವರೆಲ್ಲ ‘ಬಾ’ ಎಂದು ಕರೆಯುತ್ತಿದ್ದ ಮುದುಕಿಯೊಬ್ಬರು ಸಾಲನ್ನು ಬಿಟ್ಟು ಮೆಟ್ಟಿಲಿನ ಬಳಿ ಬಂದರು. ಗುಜರಾತಿಯಲ್ಲಿ ‘ಬಾ’ ಎಂದರೆ ತಾಯಿ. ಅವರು ಆ ತಾಯಿಯ ಕೈಹಿಡಿದು ಎಳೆಯಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ಪಕ್ಕದಲ್ಲಿ ನಿಂತು ಹಾಡಿಗೆ ಸರಿಯಾಗಿ ಚಪ್ಪಾಳೆ ತಟ್ಟುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಇನ್ನೆರಡು ಕೈಗಳೂ ಕಂಬವನ್ನು ಬಿಟ್ಟು ಮೆಲ್ಲನೆ ತಾಳ ಹಾಕಿದವು. ಬಾ ಒಂದು ಹೆಜ್ಜೆ ಮುಂದಿಟ್ಟರು. ಆ ತಾಯಿ ಚಪ್ಪಲಿಗಳನ್ನು ಅಲ್ಲಿಯೇ ಕಳಚಿಟ್ಟು ಹಿಂದೆಯೇ ನಡೆದರು. ಸಾಲಿನಲ್ಲಿದ್ದವರು ತುಸು ತುಸು ಸರಿದು ಇಬ್ಬರಿಗೆ ಎಡೆ ಮಾಡಿಕೊಟ್ಟರು.

ಮೇಲಿನ ಮಹಡಿಯಲ್ಲಿ ಅವರ ಮೈದುನನ ಮನೆ. ಅಲ್ಲಿಯ ಕಿಟಕಿ ಸಪ್ಪಳವಾಗುವಂತೆ ಮುಚ್ಚಿಕೊಂಡಿತು. ಕೆಳಗಿದ್ದವರೆಲ್ಲರಿಗೂ ಅದು ಕೇಳಿಸಿತು. ಆ ತಾಯಿಯ ಹೆಜ್ಜೆ ಒಂದು ಕ್ಷಣ ತಡೆಯಿತು; ಬಳಿಕ ಮತ್ತೆ ತಾಳಕ್ಕೆ ಸೇರಿಕೊಂಡಿತು.

ಆಗ ನಾಲ್ಕನೆಯ ತರಗತಿಯಲ್ಲಿದ್ದ ಅವರ ಮಗ ನನ್ನ ಪಕ್ಕದಲ್ಲಿ ನಿಂತಿದ್ದ. ಅವನು ಓಡಿಹೋಗಿ ತಾಯಿಯ ಚಪ್ಪಲಿಗಳನ್ನು ಎತ್ತಿಕೊಂಡು ಬಂದು, ಎದೆಗೆ ಅವಚಿಕೊಂಡು ನಿಂತ. “ಅವ್ವ ಕುಣ್ಯಾಕತ್ತಾಳ್ರೀ, ಸರ್!” ಎಂದ. ಆ ದನಿಯಲ್ಲಿ ಹೆದರಿಕೆಯೂ ಇತ್ತು, ಹಿಗ್ಗೂ ಇತ್ತು. ಹಾಡು ಮುಗಿಯುವವರೆಗೂ ಅವನು ಆ ಚಪ್ಪಲಿಗಳನ್ನು ಕೆಳಗಿಡಲಿಲ್ಲ. ಮರುದಿನ ರಾತ್ರಿಯೂ ಆ ಕಿಟಕಿ ಮುಚ್ಚಿಯೇ ಇತ್ತು. ಮರುದಿನ ರಾತ್ರಿಯೂ ಆ ತಾಯಿ ಅಂಗಳಕ್ಕೆ ಇಳಿದು ಬಂದರು.

ಬಾಲಕ ಬಾಲಕಿಯರೇ, ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿಯೂ ಒಂದು ಅಂಗಳವಿದೆ, ಅದಕ್ಕೂ ಅಂಚಿದೆ. ವೇಷದ ಬಾಡಿಗೆ ಕೊಡಲಾರದೆ ತನಗೆ ಕುಣಿತವೇ ಬೇಡವೆಂದವರು, ಊರಿನಿಂದ ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದವರು, ಒಮ್ಮೆ ಹೆಜ್ಜೆ ತಪ್ಪಿ ನಗೆಗೆ ಗುರಿಯಾದವರು ಅಲ್ಲಿ ನಿಂತಿರುತ್ತಾರೆ. ನೋಡುವುದರಲ್ಲಿಯೇ ಸಂತೋಷಪಡುವವರೂ ಇರುತ್ತಾರೆ; ಅವರನ್ನು ಅವರ ಪಾಡಿಗೆ ಬಿಡಬೇಕು. ಯಾರು ಯಾವ ಬಗೆಯವರೆಂಬುದು ದೂರದಿಂದ ತಿಳಿಯದು. ಅದನ್ನು ತಿಳಿಯಬೇಕಾದರೆ ಸಾಲಿನಲ್ಲಿರುವವರು ಸಾಲನ್ನು ಬಿಟ್ಟು ಅವರ ಪಕ್ಕದಲ್ಲಿ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಕುಣಿತವೇನೂ ನಿಂತುಹೋಗುವುದಿಲ್ಲ.