ಮುಖದ ಜಿಡ್ಡು: ಸಿಂಧನೂರಿನಿಂದ ಲಿಂಗಸೂಗೂರಿನವರೆಗೆ

ಕಳೆದ ವೈಶಾಖಮಾಸದಲ್ಲಿ ನನ್ನ ತಮ್ಮನ ಹಿರಿಯ ಮಗಳ ವಿವಾಹವು ಲಿಂಗಸೂಗೂರಿನಲ್ಲಿ ನೆರವೇರಿತು. ಅದಕ್ಕಾಗಿ ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ನಾವು ಕೈಕೊಂಡ ಪ್ರಯಾಣವು ಅರ್ಧ ದಿನವನ್ನೂ ಮೀರಲಿಲ್ಲ. ದಾರಿಯೇನೋ ಕಿರಿದು, ಆದರೆ ಆಯುಷ್ಯವೆಲ್ಲ ಪರರಿಗೆ ಪಾಠ ಹೇಳಿದ ನನಗೆ ಆ ನಿಮಿತ್ತವಾಗಿ ದೊರೆತ ಪಾಠವು ಕಿರಿದಲ್ಲ. ಆದಕಾರಣ ವಾಚಕರಲ್ಲಿ, ಅದರಲ್ಲಿಯೂ ಬೆಳೆದ ಮಕ್ಕಳುಳ್ಳ ಗೃಹಸ್ಥರಲ್ಲಿ, ಅದನ್ನು ನಿವೇದಿಸಿಕೊಳ್ಳುತ್ತೇನೆ.

ನಮ್ಮ ಸೀಮೆಯ ಬೇಸಗೆಯನ್ನು ಅನುಭವಿಸದವರಿಗೆ ಅದನ್ನು ಬಣ್ಣಿಸುವುದು ಕಷ್ಟ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದ ಸಿಂಧನೂರಿನ ಕರಿನೆಲವು ಭತ್ತದ ಕಣಜವಾಯಿತು. ಬಿಸಿಲು ಮಾತ್ರ ಹಿಂದಿನದೇ ಉಳಿಯಿತು. ೪೦ ಡಿಗ್ರಿಯನ್ನು ಮೀರುವ ಸೆಕೆ, ಅಕ್ಕಿಯ ಗಿರಣಿಗಳ ತೌಡಿನ ಧೂಳು, ಇವೆರಡರ ನಡುವೆ ಬೆಳಿಗ್ಗೆ ತೊಳೆದ ಮುಖವು ಮಧ್ಯಾಹ್ನಕ್ಕೆ ಎಣ್ಣೆ ಸವರಿದ ಹಂಚಿನಂತೆ ಮಿನುಗುವುದು. ಸ್ವಭಾವತಃ ಜಿಡ್ಡು ಚರ್ಮದವರ ಪಾಡನ್ನು ಹೇಳತಕ್ಕದ್ದೇನು!

ಫಾಲ್ಗುಣದಲ್ಲಿ ಲಗ್ನಪತ್ರಿಕೆಗಳು ಅಚ್ಚಾಗಿ ಬಂದ ದಿನವೇ, ನಮ್ಮ ಮನೆಯಲ್ಲಿದ್ದು ಓದುತ್ತಿರುವ ತಮ್ಮನ ಕಿರಿಯ ಮಗಳು, ಹತ್ತೊಂಬತ್ತು ವರ್ಷದವಳು, “ದೊಡ್ಡಪ್ಪ, ಅಕ್ಕನ ಮದುವೆಗೆ ನಾನು ಬರುವುದಿಲ್ಲ” ಎಂದಳು. ಪರೀಕ್ಷೆಯ ಭಯವೆಂದು ನಾನು ತಿಳಿದೆನು. ಆದರೆ ನನ್ನ ಪತ್ನಿಯು ಹುಡುಗಿಯ ದುಪಟ್ಟವನ್ನು ಮೆಲ್ಲಗೆ ಸರಿಸಿ ತೋರಿಸಿದಳು. ಕೆನ್ನೆ ಗದ್ದಗಳೆಲ್ಲ ಕೆಂಡದಂತೆ ಕೆಂಪೇರಿ, ಕೀವುಗಟ್ಟಿದ ಮೊಡವೆಗಳಿಂದ ತುಂಬಿದ್ದುವು. ವಿಚಾರಿಸಲಾಗಿ, ಆಕೆ ಒಂದು ಅಂಗಡಿಯಲ್ಲಿ ಹೆಸರೂ ವಿವರವೂ ಸರಿಯಾಗಿಲ್ಲದ ಬಿಳುಪಿನ ಮುಲಾಮನ್ನು ಕೊಂಡು ನಾಲ್ಕು ತಿಂಗಳಿನಿಂದ ಹಚ್ಚುತ್ತಿದ್ದಳೆಂದು ಹೊರಬಿತ್ತು. ಮೊದಲ ವಾರದಲ್ಲಿ ಮೊಡವೆಗಳು ಅಡಗಿ ಬಣ್ಣ ತಿಳಿಯಾಯಿತಂತೆ. ಎರಡು ದಿನ ಬಿಟ್ಟರೆ ಮುಖವು ಉರಿಯತೊಡಗಿತಂತೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ನೆನಪಾಯಿತು. ಆಕೆ ದಿನವೂ ಮುಖಕ್ಕೆ ದಟ್ಟವಾಗಿ ಪೌಡರು ಬಳಿದುಕೊಂಡು ಬರುತ್ತಿದ್ದಳು. “ಇದು ವಿದ್ಯಾಲಯವೋ, ನಾಟಕದ ರಂಗವೋ?” ಎಂದು ಎಲ್ಲರೆದುರಿಗೆ ಹೇಳಿ, ನಲ್ಲಿಯ ಬಳಿಗೆ ಕಳುಹಿಸಿ ಮುಖ ತೊಳೆಯಿಸಿದೆನು. ತೊಳೆದು ಬಂದ ಮುಖದ ತುಂಬ ಮೊಡವೆಗಳಿದ್ದುವು, ಹುಡುಗರು ನಕ್ಕರು. ಮರುವಾರದಿಂದ ಆಕೆ ಶಾಲೆಗೆ ಬರಲಿಲ್ಲ. ನಾನು ಕಾರಣವನ್ನೂ ಕೇಳಲಿಲ್ಲ. ಅಲಂಕಾರವೆಂದು ನಾನು ಜರೆದದ್ದು ಆಕೆಗೆ ಮಾನ ಮುಚ್ಚುವ ವಸ್ತ್ರವಾಗಿತ್ತೆಂಬುದು ನನಗೆ ಅರಿವಾದುದು ಈಗ.

ಮರುದಿನವೇ ಹುಡುಗಿಯನ್ನು ಚರ್ಮವೈದ್ಯೆಯ ಬಳಿಗೆ ಕರೆದೊಯ್ದೆವು. ಆ ತಾಯಿ ಮುಲಾಮಿನ ಕೊಳವೆಯನ್ನು ನೋಡಿ ನಿಟ್ಟುಸಿರಿಟ್ಟರು. ಇಂಥವುಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವು. ಮೊದಲು ಗುಣ ತೋರಿ, ತರುವಾಯ ಚರ್ಮವನ್ನು ತೆಳುವಾಗಿಸಿ, ತಾವಿಲ್ಲದೆ ಅದು ಇರಲಾರದಂತೆ ಮಾಡುವುವು. ಕೆಲವುಗಳಲ್ಲಿ ಪಾದರಸವೂ ಇದ್ದು ಮೂತ್ರಪಿಂಡಗಳಿಗೆ ಕೇಡು ತರುವುದುಂಟು. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರ್ಕಾರವು ೨೦೧೮ರಲ್ಲಿಯೇ ಬಿಗಿ ಮಾಡಿದೆ. ಆದರೂ ಅವು ಕೈಗೆ ಸಿಕ್ಕುತ್ತವೆ. ಬಹುಕಾಲ ಹಚ್ಚಿದವರು ಅವನ್ನು ವೈದ್ಯರ ಕಣ್ಣೆದುರಿಗೇ ಬಿಡಬೇಕು.

ಜಿಡ್ಡಿನ ವಿಷಯದಲ್ಲಿ ಅವರು ಹೇಳಿದ್ದನ್ನು ಸಂಗ್ರಹಿಸುತ್ತೇನೆ. ಚರ್ಮದೊಳಗಿನ ಸಣ್ಣ ಗ್ರಂಥಿಗಳು ಸ್ರವಿಸುವ ಮೇದಸ್ಸೇ ಈ ಜಿಡ್ಡು. ಅದು ರೋಗವಲ್ಲ, ಚರ್ಮಕ್ಕೆ ರಕ್ಷೆ. ಯೌವನದಲ್ಲಿ ಹಾರ್ಮೋನುಗಳ ಪ್ರೇರಣೆಯಿಂದ ಅದು ಹೆಚ್ಚುತ್ತದೆ. ಸತ್ತ ಚರ್ಮದ ಕಣಗಳು ಅದರೊಡನೆ ಸೇರಿ ರಂಧ್ರವನ್ನು ಮುಚ್ಚಿದಾಗ ಮೊಡವೆ ಹುಟ್ಟುತ್ತದೆ. ಆದುದರಿಂದ ಇದು ಕೊಳಕುತನದ ಫಲವಲ್ಲ, ನಡತೆಯ ದೋಷವಂತೂ ಅಲ್ಲವೇ ಅಲ್ಲ. ದಿನಕ್ಕೆ ಎರಡು ಬಾರಿ, ಹೆಚ್ಚು ಬೆವರಿದಾಗ ಇನ್ನೊಮ್ಮೆ, ಮೃದುವಾದ ಕ್ಷಾಲಕದಿಂದ ಮುಖ ತೊಳೆದರೆ ಸಾಕು. ಒರಟು ಸಾಬೂನಿನಿಂದ ಉಜ್ಜಿದರೆ ಗ್ರಂಥಿಯು ಬತ್ತದು, ಚರ್ಮವು ಕೆರಳುವುದು. ನಿಂಬೆಯ ರಸ, ಅಡಿಗೆ ಸೋಡ, ಹಲ್ಲಿನ ಪೇಸ್ಟುಗಳನ್ನು ಮುಖಕ್ಕೆ ಹಚ್ಚಲೇಬಾರದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದವರಿಗೆ ಬೊಬ್ಬೆಯೇಳುವುದುಂಟು. ತಲೆಗೆ ಧಾರಾಳವಾಗಿ ಎಣ್ಣೆ ಹಾಕಿ ಹಣೆಗೆ ಇಳಿಯಗೊಡುವ ನಮ್ಮ ಮನೆಗಳ ವಾಡಿಕೆಯೂ ಹಣೆಯ ಮೊಡವೆಗೆ ಒಂದು ಕಾರಣ. ಜಿಡ್ಡು ಚರ್ಮಕ್ಕೂ ಎಣ್ಣೆಯಿಲ್ಲದ ತೇವಲೇಪವು ಬೇಕು. ಬಿಸಿಲಿಗೆ ಜೆಲ್ ರೂಪದ ಸನ್‌ಸ್ಕ್ರೀನ್ ಬೇಕು. ಕೆರಳಿಕೆ ಅಡಗಿದ ಮೇಲೆ, ಜಿಡ್ಡಿನಲ್ಲಿ ಕರಗಿ ರಂಧ್ರವನ್ನು ಬಿಡಿಸುವ ಸ್ಯಾಲಿಸಿಲಿಕ್ ಆಮ್ಲದಂಥ ಔಷಧಗಳುಂಟು. “ಎಂಟರಿಂದ ಹನ್ನೆರಡು ವಾರ ತಾಳ್ಮೆ ಬೇಕು, ಮಗಳೆ, ಒಂದು ವಾರದಲ್ಲಿ ಗುಣ ಕೊಡುವೆನೆನ್ನುವ ಡಬ್ಬಿಯನ್ನು ನಂಬಬೇಡ” ಎಂದರು.

ನಾನು ಮನೆಗೆ ಬಂದು ಸುಶ್ರುತಸಂಹಿತೆಯನ್ನು ತೆರೆದೆನು. ಅಲ್ಲಿ ಮೊಡವೆಗೆ ‘ಮುಖದೂಷಿಕೆ’ ಎಂದು ಹೆಸರು. ತರುಣರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವುದೆಂದು ಲಕ್ಷಣ. ಬಜೆ, ಲೋಧ್ರ, ಸೈಂಧವ, ಸಾಸಿವೆಗಳ ಲೇಪವನ್ನೂ ಹೇಳಿದೆ. ಲೇಪವು ಒಣಗುವಂತೆ ಬಿಡಬಾರದೆಂಬ ಸಾಮಾನ್ಯ ನಿಯಮವೂ ಅಲ್ಲಿದೆ. ಇದನ್ನು ವೈದ್ಯೆಗೆ ತಿಳಿಸಲು ಅವರು ನಕ್ಕು, “ಮುಲ್ತಾನಿ ಮಣ್ಣಿಗೂ ಅದೇ ನಿಯಮ, ವಾರಕ್ಕೊಮ್ಮೆ, ಹಸಿಯಿರುವಾಗಲೇ ತೊಳೆಯಬೇಕು. ಆದರೆ ಉರಿಯುವ ಮುಖಕ್ಕೆ ಈಗ ಮಣ್ಣೂ ಬೇಡ, ಸಾಸಿವೆಯೂ ಬೇಡ” ಎಂದರು. ಶಾಸ್ತ್ರದ ಹೆಮ್ಮೆಯಿಂದ ಹೋದ ನಾನು ಕಾಲಪಾತ್ರಗಳ ವಿವೇಕವನ್ನು ಕಲಿತು ಬಂದೆನು.

ಎರಡು ತಿಂಗಳಲ್ಲಿ ಉರಿಯೂ ಕೆಂಪೂ ಇಳಿದುವು, ಕಲೆಗಳು ಉಳಿದುವು. ಮದುವೆಯ ಹಿಂದಿನ ದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಹುಡುಗಿ ದುಪಟ್ಟದಿಂದ ಮುಖ ಸುತ್ತಿ ಕಿಟಕಿಯ ಬಳಿ ಕುಳಿತಿದ್ದಳು. ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನದ ಬಂಡೆಯನ್ನು ನೋಡಹೋದೆವು. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಇದನ್ನು ಕಂಡರು. ಅದುವರೆಗೆ ದೊರೆತ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಇಲ್ಲಿ ಆ ಹೆಸರೇ ಬ್ರಾಹ್ಮೀ ಲಿಪಿಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು.

ಬಂಡೆಯ ಮೈಯೋ ಎಲ್ಲೆಲ್ಲಿಯೂ ಬಿರುಕು, ಉಬ್ಬು, ಕಲೆ. ಹುಡುಗಿ ಬಹಳ ಹೊತ್ತು ನೋಡುತ್ತ ನಿಂತು, “ದೊಡ್ಡಪ್ಪ, ಇದನ್ನು ನಯ ಮಾಡಿಯೇ ಬರೆಯಬೇಕೆಂದು ಅವರು ಕಾದಿದ್ದರೆ?” ಎಂದಳು. ನಾನು ಮಾತಾಡಲಿಲ್ಲ. ತುಸು ಹೊತ್ತಿನ ಮೇಲೆ, ನಲ್ಲಿಯ ಬಳಿಗೆ ಕಳುಹಿಸಿದ ಆ ವಿದ್ಯಾರ್ಥಿನಿಯ ಕಥೆಯನ್ನು ಮರೆಮಾಚದೆ ಅವಳಿಗೆ ಹೇಳಿದೆನು. ಆಕೆ ಸಮಾಧಾನದ ಮಾತನ್ನೇನೂ ಆಡಲಿಲ್ಲ. “ಆ ಹುಡುಗಿಗೆ ಯಾರೂ ಹೇಳಲೇ ಇಲ್ಲವೇ, ಅದು ಅವಳ ತಪ್ಪಲ್ಲವೆಂದು?” ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದೆ ಲಿಂಗಸೂಗೂರಿನ ದಾರಿ. ಹಟ್ಟಿಯ ಚಿನ್ನದ ಗಣಿಯು ಈ ತಾಲ್ಲೂಕಿನದೇ. ಮದುವೆಯ ಮನೆಯಲ್ಲಿ ಅಲಂಕಾರ ಮಾಡಲು ಬಂದಿದ್ದ ಹೆಂಗಸು ದಟ್ಟವಾದ ಲೇಪವನ್ನು ತೆಗೆಯಲು, ನಮ್ಮ ಹುಡುಗಿ ನಯವಾಗಿ ತಡೆದು ತಾನೇ ಕುಳಿತಳು. ಮುಖ ತೊಳೆದು, ತೇವಲೇಪವನ್ನೂ ಸನ್‌ಸ್ಕ್ರೀನನ್ನೂ ಹಚ್ಚಿ, ಅವು ಹೀರುವವರೆಗೆ ಕಾದಳು. ವಾರದ ಹಿಂದೆಯೇ ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸಿಕೊಂಡಿದ್ದ, ಎಣ್ಣೆಯಿಲ್ಲದ ಬಣ್ಣವನ್ನು ಕಲೆಗಳ ಮೇಲೆ ಮಾತ್ರ ತೆಳುವಾಗಿ ಒತ್ತಿದಳು. ಮೂಗು ಹಣೆಗಳಿಗೆ ಮಾತ್ರ ಸ್ವಲ್ಪ ಪೌಡರು. ಕುಂಚವೂ ಬಟ್ಟೆಯೂ ಅವಳವೇ, ಪರರದನ್ನು ಮುಟ್ಟಲಿಲ್ಲ. ಮಧ್ಯಾಹ್ನ ಮುಖ ಮಿನುಗಿದಾಗ ಪೌಡರಿನ ಮೇಲೆ ಪೌಡರು ಬಳಿಯದೆ, ತೆಳುವಾದ ಕಾಗದವನ್ನು ಒತ್ತಿ ಜಿಡ್ಡನ್ನು ತೆಗೆದಳು. ರಾತ್ರಿ ಎಷ್ಟೇ ದಣಿದಿದ್ದರೂ ಎಲ್ಲವನ್ನೂ ತೊಳೆದೇ ಮಲಗಿದಳು.

ಮುಹೂರ್ತವಾದ ತರುವಾಯ ಒಬ್ಬ ಹಿರಿಯ ಮುತ್ತೈದೆ, “ಇದೇನಮ್ಮ ಮುಖದ ಮೇಲೆ?” ಎಂದು ಹತ್ತು ಜನರ ನಡುವೆ ಕೇಳಿಬಿಟ್ಟರು. ನನ್ನ ಎದೆ ಧಸಕ್ಕೆಂದಿತು. “ಮೊಡವೆಯ ಕಲೆ, ಅಜ್ಜಿ, ವಾಸಿಯಾಗುತ್ತಿದೆ” ಎಂದು ಹೇಳಿ ಅವಳು ಅಕ್ಕಿಕಾಳಿನ ತಟ್ಟೆಯನ್ನು ಮುಂದೆ ಹಿಡಿದಳು. ಛಾಯಾಚಿತ್ರಕ್ಕೆ ಎಲ್ಲರೂ ನಿಂತಾಗ, ಹಿಂದಿನ ಸಾಲಿನಲ್ಲಿ ಅವಿತುಕೊಳ್ಳದೆ ಅಕ್ಕನ ಪಕ್ಕದಲ್ಲಿಯೇ ನಿಂತಳು.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ಪ್ರಾರ್ಥನೆ. ಮನೆಯ ಮಕ್ಕಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ ಕೂಡಲೇ ಗದರಬೇಡಿರಿ. ಅವರ ಬಣ್ಣವನ್ನು ಕುರಿತು ಹಾಸ್ಯ ಮಾಡಬೇಡಿರಿ. ಅವರು ಹಚ್ಚುವ ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಜೊತೆಗೆ ಕುಳಿತು ಓದಿರಿ. ಆ ಛಾಯಾಚಿತ್ರವು ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಕಲೆಗಳೂ ಕಾಣುತ್ತವೆ, ನಗುವೂ ಕಾಣುತ್ತದೆ. ಅದನ್ನು ನೋಡುವಾಗಲೆಲ್ಲ, ಮೂವತ್ತು ವರ್ಷಗಳ ಹಿಂದೆ ನಾನು ನೋಡದೆ ಹೋದ ಇನ್ನೊಂದು ಮುಖವು ನನ್ನ ಕಣ್ಣಿಗೆ ಕಟ್ಟುತ್ತದೆ.