ನಾಲ್ಕು ದಿನಕ್ಕೆ ಹತ್ತು ಊರೇ?

ನಮ್ಮ ಸಂಸಾರ ಒಂದೇ ಸಲ ಮೂರು ನಾಲ್ಕು ಊರು ನೋಡಲು ಹೊರಟಿದ್ದು ಅದೇ ಮೊದಲು. ಅದುವರೆಗೆ ಪ್ರವಾಸವೆಂದರೆ ಮದುವೆಗೋ ಮುಂಜಿಗೋ ಹೋಗಿ, ಹತ್ತಿರದ ದೇವಸ್ಥಾನ ನೋಡಿಕೊಂಡು ಬರುವುದಷ್ಟೇ. ಹಾಗಾಗಿ ದಸರಾ ರಜೆಗೆ ಹಂಪಿ, ಬಾದಾಮಿ ಎಂದು ನಿಶ್ಚಯವಾದ ಕೂಡಲೇ ಯಜಮಾನರೂ ಮಗನೂ ಕಾಗದ ಪೆನ್ನು ಹಿಡಿದು ಕೂತರು.

ರಾತ್ರಿ ಊಟದ ಹೊತ್ತಿಗೆ ಪಟ್ಟಿ ತಯಾರು! ಹಂಪಿ, ಆನೆಗೊಂದಿ, ತುಂಗಭದ್ರಾ ಅಣೆಕಟ್ಟು, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಮಹಾಕೂಟ, ಕೂಡಲಸಂಗಮ, ಆಲಮಟ್ಟಿ, ವಿಜಯಪುರ. ನಾಲ್ಕು ದಿನಕ್ಕೆ ಹತ್ತು ಜಾಗ. "ಅಷ್ಟು ದೂರ ಹೋಗ್ತೀವಿ, ಬಿಟ್ಟು ಬರೋದು ಯಾಕೆ?" ಅಂದರು ಇವರು.

ಅತ್ತೆಯವರು ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಬನಶಂಕರಿ ಇಲ್ವೇನೋ ಅದರಲ್ಲಿ?" ಎಂದರು. ಅದು ನಮ್ಮ ಮನೆದೇವರು. ಮದುವೆಯಾದ ಹೊಸದರಲ್ಲಿ ಅತ್ತೆ ಒಂದು ಸಲ ಹೋಗಿದ್ದರಂತೆ, ಆಮೇಲೆ ಹೋಗಲೇ ಆಗಿಲ್ಲ. ಬಾದಾಮಿಯಿಂದ ಬರೀ ಐದು ಕಿಲೋಮೀಟರು. ಹತ್ತು ಹೆಸರು ಬರೆದವರಿಗೆ ಅದೊಂದು ನೆನಪಾಗಿರಲಿಲ್ಲ! ಇವರ ಮುಖ ಸಣ್ಣದಾಯಿತು. ನಾನು ಪಟ್ಟಿಯನ್ನು ಕೈಗೆ ತೆಗೆದುಕೊಂಡೆ.

ಮೊದಲು ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದೆ: "ಒಂದೇ ಒಂದು ಜಾಗ ಅಂದ್ರೆ ಯಾವುದು?" ಮಗನಿಗೆ ಹಂಪಿಯ ಕಲ್ಲಿನ ರಥ, ಐವತ್ತು ರೂಪಾಯಿ ನೋಟಿನ ಮೇಲಿದೆಯಲ್ಲ, ಅದು. ಮಗಳಿಗೆ ಬಾದಾಮಿಯ ಗುಹೆಗಳು. ಇವರಿಗೆ ಪಟ್ಟದಕಲ್ಲು. ಅತ್ತೆಗೆ ಬನಶಂಕರಿ. ನನಗೆ, ನಿಜ ಹೇಳಬೇಕೆಂದರೆ, ಇಳಕಲ್ಲಿನ ಒಂದು ಸೀರೆ. ಈ ಐದನ್ನು ದೊಡ್ಡದಾಗಿ ಬರೆದು, ಉಳಿದದ್ದನ್ನೆಲ್ಲ 'ಪುರಸೊತ್ತಾದರೆ' ಎಂದು ಕೆಳಗೆ ಹಾಕಿದೆ.

ಎರಡನೆಯದು ದಾರಿ. ನಕ್ಷೆಯಲ್ಲಿ ಎರಡು ಊರು ಗೇಣು ದೂರ ಕಂಡರೂ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಬಾದಾಮಿಯಿಂದ ವಿಜಯಪುರಕ್ಕೆ ಹೋಗಿ ಬರಲು ಹತ್ತಿರ ಹತ್ತಿರ 250 ಕಿಲೋಮೀಟರು. ಅದಕ್ಕೇ ಒಂದು ದಿನ ಬೇಕು. ಅದನ್ನು ಹೊಡೆದು ಹಾಕಿದೆ. ಅದರ ಜೊತೆಗೇ ಆಲಮಟ್ಟಿ, ಕೂಡಲಸಂಗಮವೂ ಹೋದವು. ಆದರೆ ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ಲು, ಅಮೀನಗಡದ ಮೇಲೆ ಬಾದಾಮಿಗೆ ಹೋದರೆ ಐಹೊಳೆ, ಪಟ್ಟದಕಲ್ಲು ಎರಡೂ ದಾರಿಯಲ್ಲೇ ಸಿಗುತ್ತವೆ. ಹೋದ ದಾರಿಯಲ್ಲೇ ವಾಪಸು ಬರುವ ಕೆಲಸವಿಲ್ಲ.

ಮೂರನೆಯದು ಗಂಟುಮೂಟೆ. ದಿನಕ್ಕೊಂದು ಲಾಡ್ಜು ಬದಲಾಯಿಸಿದರೆ ಕಟ್ಟುವುದು ಬಿಚ್ಚುವುದು ಮಾಡೋರು ಯಾರು? ನಾವೇ ತಾನೆ! ಹೊಸಪೇಟೆಯಲ್ಲಿ ಎರಡು ರಾತ್ರಿ, ಬಾದಾಮಿಯಲ್ಲಿ ಒಂದು, ಅಷ್ಟೇ ಎಂದೆ.

ಹೀಗೆ ನಿಂತಿತು ನಮ್ಮ ಪ್ರವಾಸ. ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಹೊಸಪೇಟೆ. ರೈಲಿಗೆ ಪುಳಿಯೋಗರೆ, ಮೊಸರನ್ನ. ಮೊದಲ ದಿನ ಸ್ನಾನ, ವಿಶ್ರಾಂತಿ ಮುಗಿಸಿ, ಬಿಸಿಲು ಇಳಿದ ಮೇಲೆ ವಿರೂಪಾಕ್ಷನ ದರ್ಶನ, ಹೇಮಕೂಟದ ಮೇಲೆ ಸೂರ್ಯಾಸ್ತ. ಎರಡನೇ ದಿನ ಬೆಳಗ್ಗೆಯೇ ವಿಟ್ಠಲ ದೇವಸ್ಥಾನ. ಅಲ್ಲಿ ನಮ್ಮ ವಾಹನವನ್ನು ದೂರವೇ ನಿಲ್ಲಿಸಬೇಕು. ಮುಂದಕ್ಕೆ ಬ್ಯಾಟರಿ ಗಾಡಿ ಇದ್ದದ್ದು ಅತ್ತೆಯ ಮಂಡಿಗೆ ಪುಣ್ಯ. ಮಧ್ಯಾಹ್ನ ರೂಮಿನಲ್ಲಿ ನಿದ್ದೆ. ಹಂಪಿಯ ಬಂಡೆಗಳು ಆ ಹೊತ್ತಿನಲ್ಲಿ ಕಾದ ಕಾವಲಿಯ ಹಾಗಿರುತ್ತವೆ. ಸಂಜೆ ಕಮಲ ಮಹಲು, ಆನೆಲಾಯ, ಹಜಾರ ರಾಮ.

ಮೂರನೇ ದಿನ ಕಾರಿನಲ್ಲಿ ಹೊರಟು ಇಳಕಲ್ಲಿನಲ್ಲಿ ಒಂದು ಗಂಟೆ, ಸೀರೆಗೆ. ಮೈಯನ್ನೂ ಸೆರಗನ್ನೂ ಕೊಂಡಿ ಹಾಕಿ ಜೋಡಿಸುವುದನ್ನು ನೋಡಿದ ಮೇಲೆ ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ. ಐಹೊಳೆಯಲ್ಲಿ ದುರ್ಗ ದೇವಾಲಯ, ಲಾಡಖಾನ್ ಗುಡಿ ಎರಡೇ ನೋಡಿದೆವು. ಪಟ್ಟದಕಲ್ಲಿನಲ್ಲಿ ಸಾವಕಾಶವಾಗಿ ಕೂತೆವು. ಎರಡೂ ಕಡೆ ನೆಲ ಸಮತಟ್ಟು, ವಯಸ್ಸಾದವರಿಗೆ ತೊಂದರೆಯಿಲ್ಲ.

ಕೊನೇ ದಿನ ಬೆಳಗ್ಗೆ ಮಕ್ಕಳೂ ಇವರೂ ಬಾದಾಮಿಯ ನಾಲ್ಕೂ ಗುಹೆ ಹತ್ತಿದರು. ಮೂರನೇ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಮೆಟ್ಟಿಲು ಬಹಳ, ಕೋತಿಗಳೂ ಬಹಳ, ಕೈಯಲ್ಲಿ ತಿಂಡಿ ಬೇಡ. ಅತ್ತೆ ಹತ್ತಲಿಲ್ಲ. ನಾನೂ ಅವರೂ ಕೆಳಗೆ ಅಗಸ್ತ್ಯ ತೀರ್ಥದ ದಡದಲ್ಲಿ ಕೂತು ಹೆಂಗಸರು ಬಟ್ಟೆ ಒಗೆಯುವುದನ್ನು ನೋಡಿದೆವು.

ಮಧ್ಯಾಹ್ನ ಬನಶಂಕರಿ. ಉಡಿ ತುಂಬಿಸಿ ಹೊರಗೆ ಬಂದರೆ, ಬುಟ್ಟಿ ಇಟ್ಟುಕೊಂಡ ಹೆಂಗಸರು, "ಬರ್ರಿ ಅವ್ವಾರ, ರೊಟ್ಟಿ ಉಣ್ಣ ಬರ್ರಿ" ಎಂದು ಕರೆದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೇಕಾಯಿ ಪಲ್ಯ, ಗಟ್ಟಿ ಮೊಸರು. ಅತ್ತೆ ಎರಡು ರೊಟ್ಟಿ ತಿಂದರು. ಆಮೇಲೆ ಹೊಂಡದ ಕಲ್ಲು ಮಂಟಪದಲ್ಲಿ ಕೂತು, "ಆವತ್ತು ನಿಮ್ಮ ಮಾವನವರು ಬಸ್ಸಿಗೆ ಹೊತ್ತಾಯ್ತು ಅಂತ ಎಬ್ಬಿಸಿಬಿಟ್ಟರು. ಇವತ್ತು ಮನಸ್ಸಿಗೆ ತೃಪ್ತಿ ಆಗೋವಷ್ಟು ಕೂತೆ ಕಣೇ" ಎಂದರು. ಇವರು ಗಡಿಯಾರ ನೋಡಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ರೈಲು ಇದ್ದದ್ದು ರಾತ್ರಿಗೆ.

ನೀವು ಹೊರಡುವುದಾದರೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬಾದಾಮಿ, ಕಮಲಾಪುರದ ವಸ್ತು ಸಂಗ್ರಹಾಲಯಗಳಿಗೆ ಶುಕ್ರವಾರ ರಜ, ನೆನಪಿರಲಿ. ಪಟ್ಟಿ ಬರೆಯುವ ಮೊದಲು ಮನೆಯಲ್ಲಿ ಮಾತು ಕಮ್ಮಿ ಆಡುವವರನ್ನು ಒಂದು ಸಲ ಕೇಳಿ.

ವಿಜಯಪುರ ನೋಡಲಾಗಲಿಲ್ಲ ಎಂದು ಮಗನಿಗೆ ಇನ್ನೂ ಕೊರಗಿದೆ. 1656ರಿಂದ ನಿಂತಿರುವ ಗೋಲಗುಂಬಜ್ ಬರುವ ವರ್ಷದವರೆಗೂ ನಿಂತಿರುತ್ತೆ ಬಿಡೋ ಅಂದಿದ್ದೇನೆ.