ಕಾಯ ಕಾಯುವ ಹೊತ್ತು

ಹೊಸಪೇಟೆಯವರಿಗೆ ‘ಮೈ ಬಿಸಿ ಮಾಡಿಕೊಳ್ಳಿ’ ಎಂದರೆ ನಗುತ್ತಾರೆ. ಏಪ್ರಿಲ್‌ನಲ್ಲಿ ಕೂತಲ್ಲೇ ಬೆವರು ಇಳಿಯುವ ಊರಿದು, ಇನ್ನೆಂಥ ಬಿಸಿ? ನಾನೂ ಹಾಗೇ ನಕ್ಕವನು. ಒಂದು ನಸುಕಿನಲ್ಲಿ ಹಂಪಿಗೆ ಹೋಗಿ, ಬೈಕ್ ಇಳಿದವನೇ ಮತಂಗ ಪರ್ವತದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದೆ. ಅರ್ಧ ದಾರಿಯಲ್ಲಿ ಮೀನಖಂಡ ಚುಳ್ಳೆಂದಿತು. ಅವತ್ತಿನ ಸೂರ್ಯೋದಯವನ್ನು ಬಂಡೆಗೊರಗಿ, ಕಾಲು ನೀವಿಕೊಳ್ಳುತ್ತ ನೋಡಿದೆ. ಹೊರಗಿನ ಸೆಕೆ ಬೆವರು ತರಿಸೀತು. ಸ್ನಾಯುವಿಗೆ ರಕ್ತ ನುಗ್ಗಬೇಕಾದರೆ ಅದು ತಾನೇ ದುಡಿಯಬೇಕು.

ಈ ಪಾಠ ಪಕ್ಕಾ ಆದದ್ದು ಗರಡಿಯಲ್ಲಿ. ಅಲ್ಲಿ ಬಂದವರೇ ಯಾರೂ ಗದೆಗೆ ಕೈ ಹಾಕುವುದಿಲ್ಲ. ಕೆಮ್ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಕತ್ತು, ಹೆಗಲು, ಸೊಂಟ ತಿರುವಿ, ನಿಧಾನಕ್ಕೆ ಬಸ್ಕಿ, ಆಮೇಲೆ ದಂಡ. ಮೊದಲ ಹತ್ತು ಬಸ್ಕಿಗೆ ನನ್ನ ಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತದೆ. ಇಪ್ಪತ್ತು ದಾಟಿದರೆ ಎಣ್ಣೆ ಬಿಟ್ಟ ಹಾಗೆ. ಅಲುಗಾಡಿದಷ್ಟೂ ಕೀಲಿನೊಳಗಿನ ದ್ರವ ತೆಳುವಾಗಿ ಹರಡುತ್ತದಂತೆ. ಬೆನ್ನ ಮೇಲೆ ಮೊದಲ ಬೆವರು ಒಡೆಯುವ ಆ ಗಳಿಗೆ ನನಗೆ ಇಡೀ ಸಾಮಿಗಿಂತ ಇಷ್ಟ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾವನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಜಟ್ಟಿಯೊಬ್ಬನೊಂದಿಗೆ ಕುಸ್ತಿ. ಅದಾದ ಮೇಲೆ ಕುದುರೆ ಸವಾರಿ. ಎಣ್ಣೆ ಕುಡಿಯುವ ಧೈರ್ಯ ನನಗಿಲ್ಲ. ಆದರೆ ಸರದಿ ನೋಡಿ: ಬೆವರು ಮೊದಲು, ಕುಸ್ತಿ ಆಮೇಲೆ. ರಾಯನಿಗೇ ಇಲ್ಲದ ಅವಸರ ನನಗೇಕಿತ್ತು?

ಹಂಪಿಯ ಗುಡಿಗಳ ಕಂಬಗಳಲ್ಲಿ ಕೈಕಾಲು ಹೆಣೆದು ಕೂತ ಯೋಗಿಗಳಿದ್ದಾರೆ. ಅವರನ್ನು ಕಂಡು ಆಸೆಯಾಯಿತೆಂದು ತಣ್ಣಗಿನ ಮೈಯನ್ನು ಜಗ್ಗಬಾರದು. ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಅದರ ಕಸುವು ಸ್ವಲ್ಪ ಹೊತ್ತು ಕುಗ್ಗುತ್ತದೆ. ಆ ಉದ್ದನೆಯ ಎಳೆತ ಸಾಮು ಮುಗಿದ ಮೇಲಿನ ಸುಖ.

ಬಿಸಿಯಾಗುವುದಕ್ಕೂ ತಾಳ್ಮೆಯಿಂದ ನಿಲ್ಲುವುದಕ್ಕೂ ಕಾಪಾಡುವುದಕ್ಕೂ ನಮ್ಮಲ್ಲಿ ಒಂದೇ ಮಾತು: ಕಾಯುವುದು. ಮೊದಲೆರಡನ್ನು ಮಾಡಿದರೆ ಮೂರನೆಯದು ತಾನಾಗಿ ಆಗುತ್ತದೆ. ಈಗಲೂ ಮತಂಗ ಹತ್ತುತ್ತೇನೆ. ಮನೆಯನ್ನು ಹತ್ತು ನಿಮಿಷ ಮುಂಚೆ ಬಿಡುತ್ತೇನೆ, ಅಷ್ಟೆ.